ಕಾಮಿಡಿಯಲ್ಲಿ ಒಳ್ಳೆಯವರಿಗೆ ಜಾಗ ಇಲ್ವಾ?

ಪ್ರಿಯ ಓದುಗರೇ,

ನಮ್ಮ ಹಾಸ್ಯ ಸಿನಿಮಾ, ಸೀರಿಯಲ್‌ಗಳ ತುಂಬ ಮುಂಗೋಪಿಗಳು, ಬಡಾಯಿಕೋರರೇ ಇದ್ದಾರೆ, ಒಳ್ಳೆಯವರಿಗೆ ಜಾಗ ಇಲ್ವಾ, ಮಕ್ಕಳು ಇದನ್ನೆಲ್ಲ ನೋಡಿ ಏನು ಕಲಿಯಬೇಕು ಅಂತ ಕೇಳಿದ್ದೀರಿ. ಉದಾಹರಣೆಗೆ ‘ಗಣೇಶನ ಮದುವೆ’ಯನ್ನೇ ಎತ್ತಿಕೊಂಡಿದ್ದೀರಿ. ಅದು ನನಗೆ ಬಹಳ ಇಷ್ಟದ ಸಿನಿಮಾ, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಫಣಿ ರಾಮಚಂದ್ರ ಅವರ 1990ರ ಈ ಚಿತ್ರದಲ್ಲಿ ಅನಂತ್ ನಾಗ್ ಮಾಡಿರುವ ವೈ.ಜಿ. ರಾವ್ ಆದರ್ಶ ಪುರುಷ ಅಲ್ಲ, ನಿಜ. ವಠಾರದಲ್ಲಿ ಬಾಡಿಗೆಗಿದ್ದಾನೆ. ಮಾಲೀಕ ರಮಣಮೂರ್ತಿ ಜೊತೆ ಸದಾ ಕಿತ್ತಾಟ. ಅದೇ ವಠಾರದ ಆದಿಲಕ್ಷ್ಮಿಯನ್ನು ಕಂಡರಂತೂ ಆಗುವುದೇ ಇಲ್ಲ. ಅವಳೂ ಏನು ಕಮ್ಮಿ ಇಲ್ಲ, ಮಾತಿಗೆ ಮಾತು ಕೊಡುತ್ತಾಳೆ. ಇದೇ ರಾವ್, ಮುಖವನ್ನೇ ನೋಡಿರದ ಒಬ್ಬ ಗಾಯಕಿಯ ದನಿಗೆ ಮನಸೋತು ಪತ್ರ ಬರೆಯುತ್ತಾನೆ, ಆ ಗಾಯಕಿ ಆದಿಲಕ್ಷ್ಮಿಯೇ ಅಂತ ಅವನಿಗೆ ಗೊತ್ತಿಲ್ಲ, ಬರೆಯುತ್ತಿರುವವನು ಇವನೇ ಅಂತ ಅವಳಿಗೂ ಗೊತ್ತಿಲ್ಲ. ಎದುರಿಗೆ ಸಿಕ್ಕರೆ ಸಿಡಿಮಿಡಿ, ಕಾಗದದ ಮೇಲೆ ಎಷ್ಟು ಸೌಮ್ಯ! ನೀವು ಹುಡುಕುತ್ತಿರುವ ಒಳ್ಳೆಯವನು ಇಲ್ಲೇ ಇದ್ದಾನೆ ಅಲ್ವಾ? ಆ ಮುಂಗೋಪಿಯೊಳಗೇ ಇದ್ದಾನೆ. ರಾವ್ ಮೊದಲಿನಿಂದಲೂ ಸಾಧು ಮನುಷ್ಯನಾಗಿದ್ದರೆ ಕಥೆಯೇ ಹುಟ್ಟುತ್ತಿರಲಿಲ್ಲ.

ಬಡಾಯಿಯ ಮಾತು ಬಂದರೆ, ಅದು ಟಿವಿಯವರು ಶುರು ಮಾಡಿದ್ದಲ್ಲ. ಕೈಲಾಸಂ ಅವರ ‘ಬಂಡ್ವಾಳ್ವಿಲ್ಲದ ಬಡಾಯಿ’ ನಾಟಕದ ಲಾಯರ್ ಅಹೋಬ್ಲುವನ್ನು ನೆನಪಿಸಿಕೊಳ್ಳಿ. ಈಟಿವಿ ಕನ್ನಡದಲ್ಲಿ ಬರುತ್ತಿದ್ದ ‘ಸಿಲ್ಲಿ ಲಲ್ಲಿ’ಯ ಡಾಕ್ಟರ್ ವಿಠಲ್ ರಾವ್ ಅದೇ ವಂಶದವನು ಅಂತ ನನಗೆ ಅನ್ನಿಸುತ್ತದೆ. ತನ್ನನ್ನು ತಾನೇ ಹೊಗಳಿಕೊಳ್ಳುವುದೇ ಅವನ ಕೆಲಸ. ಆದರೆ ಅವನನ್ನು ನೋಡಿ ಬಡಾಯಿ ಕಲಿಯುವ ಮಗು ಇರಲಾರದು, ಯಾಕೆಂದರೆ ಆ ಮಾತು ಎಷ್ಟು ಪೊಳ್ಳು ಅನ್ನುವುದು ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ಕಾಣುತ್ತಿರುತ್ತದೆ. ಮಕ್ಕಳಿಗೆ ಅದು ದೊಡ್ಡವರಿಗಿಂತ ಬೇಗ ಕಾಣುತ್ತದೆ.

ನನ್ನ ಸಿಟ್ಟು ಇರುವುದು ಬೇರೆ ಕಡೆ. ದಪ್ಪಗಿರುವವರು, ಕಪ್ಪಗಿರುವವರು, ತೊದಲುವವರು ತೆರೆ ಮೇಲೆ ಬಂದ ಕೂಡಲೇ ನಗಬೇಕು ಅಂತ ಬರೆದಿರುತ್ತಾರಲ್ಲ, ಅದು. ಅಲ್ಲಿ ಆ ವ್ಯಕ್ತಿ ಏನೂ ಮಾಡಿರುವುದಿಲ್ಲ, ಅವನಿಗೊಂದು ಆಸೆ ಇಲ್ಲ, ಪೇಚಾಟ ಇಲ್ಲ, ಸುಮ್ನೆ ಬಂದು ನಿಂತು ಬೈಸಿಕೊಂಡು ಹೋಗುತ್ತಾನೆ. ಮಕ್ಕಳು ಶಾಲೆಗೆ ಹೊತ್ತುಕೊಂಡು ಹೋಗುವುದು ಇಂಥ ಜೋಕುಗಳನ್ನೇ. ಮರುದಿನ ಪಕ್ಕದ ಬೆಂಚಿನ ಹುಡುಗನಿಗೆ ಅಡ್ಡಹೆಸರು ಬೀಳುತ್ತದೆ. ನೀವು ಇದರ ಬಗ್ಗೆ ಬರೆದಿದ್ದರೆ ಒಂದಕ್ಷರವೂ ವಾದ ಮಾಡದೆ ಅಚ್ಚು ಹಾಕುತ್ತಿದ್ದೆ.

‘ಪಾಪ ಪಾಂಡು’ ಸೀರಿಯಲ್ ಬಗ್ಗೆ ಮಾತ್ರ ನೀವು ಹೇಳಿದ್ದು ಸರಿ. ಅದರಲ್ಲಿ ಹೆಂಡತಿ, ಗಂಡನಾಗಿ ನಟಿಸಿದ ಶಾಲಿನಿ, ಚಿದಾನಂದ್ ಇಬ್ಬರ ಟೈಮಿಂಗ್ ನನಗೆ ಈಗಲೂ ಇಷ್ಟ. ಆದರೆ ಹೆಂಡತಿ ಗಂಡನಿಗೆ ಬಾರಿಸುವುದನ್ನೇ ಮತ್ತೆ ಮತ್ತೆ ನಗುವಿಗೆ ಬಳಸಿಕೊಂಡಿದ್ದಾರೆ. ಗಂಡ ಹೆಂಡತಿಗೆ ಹೊಡೆಯುತ್ತಿದ್ದರೆ ನಾವು ಒಂದು ಕಂತನ್ನೂ ಕೂತು ನೋಡುತ್ತಿರಲಿಲ್ಲ. ಪಾಂಡುವಿನ ಪುಕ್ಕಲುತನ, ಅವನು ಹೇಳುವ ಸಣ್ಣಪುಟ್ಟ ಸುಳ್ಳು, ಸಿಕ್ಕಿಬೀಳುವ ಭಯ ಇಷ್ಟೇ ಸಾಕಿತ್ತು. ಏಟು ಬೇಕಿರಲಿಲ್ಲ.

– ಸಂಪಾದಕ