ಕ್ರಿಯಾಟಿನಿನ್ ಏರಲಿಲ್ಲ ಎಂದರೆ ಆ ಗಿಡಮೂಲಿಕೆ ಕಿಡ್ನಿಗೆ ಸುರಕ್ಷಿತವೇ?

ಪುನರ್ನವದ ಬೇರಿನ ಎಥನಾಲ್ ಸಾರವನ್ನು ವಿಸ್ಟರ್ ಇಲಿಗಳಿಗೆ 28 ದಿನ ಕುಡಿಸಿದ್ದೀರಿ. ಕಿಡ್ನಿ ಸೋಸಿ ಹೊರಹಾಕಬೇಕಾದ ಕಸಗಳಾದ ಯೂರಿಯಾ, ಕ್ರಿಯಾಟಿನಿನ್ ಎರಡೂ ರಕ್ತದಲ್ಲಿ ಏರಿಲ್ಲ. ಹಾಗಾದರೆ ಪ್ರಬಂಧದಲ್ಲಿ ‘ಮೂತ್ರಪಿಂಡಕ್ಕೆ ಸುರಕ್ಷಿತ’ ಎಂದು ಬರೆಯಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬರೆಯಬೇಡಿ. ವಿಷಪರೀಕ್ಷೆಯ ಲ್ಯಾಬಿನಲ್ಲಿ ಕಿಡ್ನಿಯ ಸ್ಲೈಡ್‌ಗಳನ್ನು ನೋಡುವುದು ನನ್ನ ಕೆಲಸ. ಈ ಎರಡು ಅಂಕಿಗಳ ಮೇಲೆ ಇಷ್ಟು ದೊಡ್ಡ ಮಾತನ್ನು ನಿಲ್ಲಿಸುವುದು ನೋಡಿದಾಗಲೆಲ್ಲ ನನಗೆ ಕಳವಳವಾಗುತ್ತದೆ.

ಕ್ರಿಯಾಟಿನಿನ್ ಬಹಳ ತಡವಾಗಿ ಬಾಯಿಬಿಡುತ್ತದೆ. ಕಿಡ್ನಿಯ ಸೋಸುವ ಶಕ್ತಿ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುವವರೆಗೂ ಅದು ಮಾಮೂಲಿ ಮಿತಿಯೊಳಗೇ ಉಳಿದುಬಿಡಬಹುದು. ಒಂದು ಕಿಡ್ನಿ ದಾನ ಮಾಡಿದ ಎಷ್ಟೋ ಜನರ ರಿಪೋರ್ಟಿನಲ್ಲಿ ಈ ಅಂಕಿ ನಾರ್ಮಲ್ ಎಂದೇ ಬರುತ್ತದೆ. ಅಲ್ಲದೆ ಅದು ಸೋಸುವಿಕೆಯ ಅಳತೆ. ಸಸ್ಯವಿಷಗಳ ಪೆಟ್ಟು ಅನೇಕ ಸಲ ಮೊದಲು ಬೀಳುವುದು ಸೋಸಿದ ನೀರು ಹರಿಯುವ ನಳಿಕೆಗೆ, ಅಂದರೆ ಪ್ರಾಕ್ಸಿಮಲ್ ಟ್ಯೂಬ್ಯೂಲ್‌ಗೆ. ಹೃದಯ ತಳ್ಳುವ ರಕ್ತದಲ್ಲಿ ಸುಮಾರು ಐದನೇ ಒಂದು ಭಾಗ ಕಿಡ್ನಿಗಳಿಗೇ ಹೋಗುತ್ತದೆ, ಆ ನಳಿಕೆಯ ಜೀವಕೋಶಗಳು ರಕ್ತದಿಂದ ಎಷ್ಟೋ ಪದಾರ್ಥಗಳನ್ನು ತಾವೇ ಒಳಗೆಳೆದುಕೊಳ್ಳುತ್ತವೆ. ಅದಕ್ಕೇ 2008ರಲ್ಲಿ ಅಮೆರಿಕ ಮತ್ತು ಯುರೋಪಿನ ಔಷಧ ನಿಯಂತ್ರಕರು ಇಲಿಗಳ ಮೇಲಿನ ಪರೀಕ್ಷೆಗೆ, ಕಿಡ್ನಿಯ ಹಾನಿಯನ್ನು ತೋರಿಸುವ ಮೂತ್ರದ ಏಳು ಗುರುತುಗಳನ್ನು (ಪ್ರೋಟೀನ್‌ಗಳನ್ನು) ಒಪ್ಪಿದರು. ಪೆಟ್ಟು ತಿಂದ ನಳಿಕೆಯಿಂದ ಮೂತ್ರಕ್ಕೆ ಬರುವ ಕಿಮ್-1, ಜೊತೆಗೆ ಕ್ಲಸ್ಟರಿನ್, ಆಲ್ಬುಮಿನ್, ಸಿಸ್ಟಾಟಿನ್ ಸಿ ಅವುಗಳಲ್ಲಿ ಸೇರಿವೆ.

ಅವಧಿಯ ಮಾತು ಇನ್ನೂ ಮುಖ್ಯ. ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ 1990ರ ದಶಕದ ಆರಂಭದಲ್ಲಿ ತೂಕ ಇಳಿಸುವ ಕ್ಲಿನಿಕ್ಕೊಂದರಲ್ಲಿ ಚೀನೀ ಮೂಲಿಕೆಗಳಿದ್ದ ಮಾತ್ರೆ ಕೊಡುತ್ತಿದ್ದರು. ಸ್ಟೆಫಾನಿಯಾ ಬೇರು ಇರಬೇಕಾದಲ್ಲಿ ಅರಿಸ್ಟೊಲೋಕಿಯಾ ಬೇರು ಸೇರಿಕೊಂಡಿತ್ತು; ಚೀನೀ ಭಾಷೆಯಲ್ಲಿ ಎರಡರ ಹೆಸರೂ ‘ಫಾಂಗ್ ಜಿ’ ಎಂದೇ ಮುಗಿಯುತ್ತವೆ. ನೂರಕ್ಕೂ ಹೆಚ್ಚು ಜನರ, ಬಹುಪಾಲು ಹೆಂಗಸರ, ಕಿಡ್ನಿ ಕೆಟ್ಟಿತು. ಮಾತ್ರೆ ನಿಲ್ಲಿಸಿದ ಮೇಲೂ ಕಿಡ್ನಿಯೊಳಗೆ ನಾರು ಬೆಳೆಯುತ್ತಲೇ ಹೋಯಿತು. ಕೆಟ್ಟ ಕಿಡ್ನಿ ಮತ್ತು ಮೂತ್ರನಾಳಗಳನ್ನು ತೆಗೆಸಿಕೊಂಡ 39 ಜನರಲ್ಲಿ 18 ಜನರಿಗೆ ಮೂತ್ರಮಾರ್ಗದ ಕ್ಯಾನ್ಸರ್ ಇದ್ದುದನ್ನು 2000ದಲ್ಲಿ ವರದಿ ಮಾಡಿದರು. 28 ದಿನದ ಪರೀಕ್ಷೆಯಲ್ಲಿ ಆ ಕ್ಯಾನ್ಸರ್ ಕಾಣುವ ಸಾಧ್ಯತೆಯೇ ಇರಲಿಲ್ಲ. ಹಾವು ಕಚ್ಚಿದರೆ ಕೊಡುವ ಬೇರೆಂದು ನಮ್ಮ ಹಳ್ಳಿಗಳಲ್ಲಿ ಹೆಸರಾದ ಈಶ್ವರಿ ಬಳ್ಳಿಯೂ ಅದೇ ಕುಲದ್ದು, ಬ್ರಸೆಲ್ಸ್‌ನಲ್ಲಿ ಕಿಡ್ನಿ ಕೆಡಿಸಿದ ವಿಷವಾದ ಅರಿಸ್ಟೊಲೋಕಿಕ್ ಆಮ್ಲ ಅದರಲ್ಲೂ ಇದೆ.

ಆದ್ದರಿಂದ ಬೇರು ಎಲ್ಲಿಂದ ಬಂತು ಎಂಬುದನ್ನೂ ನಿಮಗೆ ಕೇಳಲೇಬೇಕು. ಮೂಲಿಕೆ ಮಾರುವ ಗ್ರಂಧಿಗೆ ಅಂಗಡಿಯಿಂದ ತಂದಿದ್ದರೆ ಅದು ಕೊಮ್ಮೆ ಗಿಡದ್ದೇ, ಅಂದರೆ ಪುನರ್ನವದ್ದೇ, ಎಂಬ ಭರವಸೆ ಇಲ್ಲ. ಪುನರ್ನವದ ಹೆಸರಿನಲ್ಲಿ ಟ್ರೈಯಾಂಥೆಮಾ ಎಂಬ ಬೇರೆ ಗಿಡ ಮಾರಾಟವಾಗುವುದು ಗೊತ್ತಿರುವ ಸಂಗತಿ. ಹೂವು, ಕಾಯಿ ಸಮೇತ ಗಿಡವನ್ನು ಒಣಗಿಸಿ ಹರ್ಬೇರಿಯಂನಲ್ಲಿ (ಒಣ ಗಿಡಗಳ ಸಂಗ್ರಹದಲ್ಲಿ) ಇಟ್ಟು, ಅದರ ಸಂಖ್ಯೆಯನ್ನು ಪ್ರಬಂಧದಲ್ಲಿ ಕೊಡಿ. ಸೀಸ, ಪಾದರಸ, ಆರ್ಸೆನಿಕ್, ಕ್ಯಾಡ್ಮಿಯಂ ಪರೀಕ್ಷೆಯೂ ಆಗಬೇಕು. ಇಲ್ಲದಿದ್ದರೆ ನಾಳೆ ಕಿಡ್ನಿಗೆ ಪೆಟ್ಟು ಬಿದ್ದರೆ ಅದು ಗಿಡದ್ದೋ ಲೋಹದ್ದೋ ಹೇಳಲಾಗದು.

ಸೇವಿಸುವ ರೀತಿ ಬದಲಾದರೂ ಲೆಕ್ಕ ಬದಲಾಗುತ್ತದೆ. ಕರಾವಳಿಯ ಅಡುಗೆಮನೆಗೆ ಬಿಂಬುಳಿ ಎಂಬ ಹುಳಿಕಾಯಿ ಹೊಸತೇನಲ್ಲ, ಸಾರಿಗೆ, ಉಪ್ಪಿನಕಾಯಿಗೆ ಹಾಕುತ್ತಾರೆ. ಆದರೆ ಕೇರಳದಲ್ಲಿ ಅದರ ರಸವನ್ನು ಕೊಲೆಸ್ಟೆರಾಲ್ ಇಳಿಸಲೆಂದು ಕುಡಿದ 10 ಜನರಿಗೆ ಕಿಡ್ನಿ ಏಕಾಏಕಿ ಕೈಕೊಟ್ಟ ವರದಿ 2013ರಲ್ಲಿ ಪ್ರಕಟವಾಯಿತು. 7 ಜನರಿಗೆ ಡಯಾಲಿಸಿಸ್ ಬೇಕಾಯಿತು. ಕಾರಣ ಆಕ್ಸಲೇಟ್. ಅದರ ಹರಳುಗಳು ಸಾಮಾನ್ಯ ಬೆಳಕಿನಲ್ಲಿ ಕಣ್ತಪ್ಪುತ್ತವೆ, ಪೋಲರೈಸ್ಡ್ ಬೆಳಕಿನಲ್ಲಿ ಹೊಳೆಯುತ್ತವೆ. ನಿಮ್ಮ ಪೆಥಾಲಜಿಸ್ಟ್‌ಗೆ ಆ ಬೆಳಕಿನಲ್ಲೂ ಒಮ್ಮೆ ನೋಡಲು ಹೇಳಿ.

ಸ್ಲೈಡ್ ಓದುವವರಿಗೆ ಯಾವುದು ಯಾವ ಗುಂಪಿನದೆಂದು ತಿಳಿಸಬೇಡಿ. ಕಿಡ್ನಿಯ ಹೊರಪದರವಾದ ಕಾರ್ಟೆಕ್ಸ್ ಮಾತ್ರವಲ್ಲ, ಒಳಭಾಗದ ಮೆಡುಲ್ಲಾ, ಅದರ ತುದಿಯ ಪ್ಯಾಪಿಲ್ಲಾ ಕೂಡ ಒಂದೇ ಕಟ್‌ನಲ್ಲಿ ಬರಲಿ. ಪಿಎಎಸ್ ಬಣ್ಣ ಹಾಕಿಸಿದರೆ ನಳಿಕೆಯ ಬ್ರಷ್ ಬಾರ್ಡರ್ (ಒಳಮೈಯ ಬ್ರಷ್‌ನಂಥ ಅಂಚು) ಉದುರಿದ್ದು ಸ್ಪಷ್ಟವಾಗಿ ಕಾಣುತ್ತದೆ. ಗಂಡಿಲಿಗಳ ಮೇಲೆ ಮಾತ್ರ ಮಾಡಿದ್ದರೆ ಅದನ್ನೂ ಬರೆಯಿರಿ. 28 ದಿನದ ಇಂಥ ಪರೀಕ್ಷೆಗೆ ಅಂತರರಾಷ್ಟ್ರೀಯ ಸಂಸ್ಥೆ ಒಇಸಿಡಿಯ 407ನೇ ಮಾರ್ಗಸೂಚಿ ಪ್ರತಿ ಗುಂಪಿಗೆ ಕನಿಷ್ಠ 5 ಗಂಡು, 5 ಹೆಣ್ಣು ಕೇಳುತ್ತದೆ.

ಲ್ಯಾಬಿನಲ್ಲಿ ಬೆಳೆಸುವ ಮನುಷ್ಯರ ನಳಿಕೆಯ ಎಚ್‌ಕೆ-2 ಕೋಶಗಳ ಮೇಲೆ ಎಂಟಿಟಿ ಪರೀಕ್ಷೆ (ಬದುಕಿದ ಕೋಶ ಎಂಟಿಟಿ ಬಣ್ಣವನ್ನು ನೇರಳೆಗೆ ತಿರುಗಿಸುತ್ತದೆ) ಮಾಡಿ ಇದಕ್ಕೆ ಬಲ ಕೊಡಬಹುದೇ ಎಂದೂ ಕೇಳಿದ್ದೀರಿ. ಮಾಡಿ, ಆದರೆ ಪರೀಕ್ಷಾ ತಟ್ಟೆಯ, ಕೋಶಗಳೇ ಇಲ್ಲದ ಗುಳಿಗಳಲ್ಲೂ (ವೆಲ್) ಸಾರ ಹಾಕಿ ನೋಡಿ. ಸಸ್ಯದ ಪಾಲಿಫಿನಾಲ್‌ಗಳು ತಾವೇ ಎಂಟಿಟಿಯನ್ನು ನೇರಳೆಗೆ ತಿರುಗಿಸುತ್ತವೆ, ಸತ್ತ ಕೋಶವೂ ಬದುಕಿದಂತೆ ಲೆಕ್ಕಕ್ಕೆ ಸಿಗುತ್ತದೆ. ಇನ್ನೊಂದು ಕೊರತೆ, ವಿಷವನ್ನು ಒಳಗೆಳೆಯುವ ಒಎಟಿ1, ಒಎಟಿ3 ಸಾಗಣೆದಾರ ಪ್ರೋಟೀನ್‌ಗಳು ಈ ಕೋಶಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅರಿಸ್ಟೊಲೋಕಿಕ್ ಆಮ್ಲ ನಳಿಕೆಯೊಳಗೆ ಹೋಗುವುದು ಮುಖ್ಯವಾಗಿ ಆ ದಾರಿಯಲ್ಲೇ.

ಪ್ರಬಂಧಕ್ಕೆ ನಾನು ಸೂಚಿಸುವ ವಾಕ್ಯ ಇದು: ‘ಈ ಬೇರಿನ ಈ ಸಾರವನ್ನು, ಈ ಪ್ರಮಾಣದವರೆಗೆ, 28 ದಿನ ಕೊಟ್ಟಾಗ ಯೂರಿಯಾ ಮತ್ತು ಕ್ರಿಯಾಟಿನಿನ್‌ನಲ್ಲಿ ಬದಲಾವಣೆ ಕಂಡಿಲ್ಲ.’ ಸಣ್ಣದೆನಿಸಬಹುದು, ಆದರೆ ನಿಮ್ಮ ಮಾಹಿತಿ ಹೊರಬಲ್ಲ ಮಾತು ಅಷ್ಟೇ. ಇಲಿಗಳ ಮೂತ್ರ ಇನ್ನೂ ಮೈನಸ್ 80ರ ಫ್ರೀಜರಿನಲ್ಲಿದ್ದರೆ ಕಿಮ್-1 ಅಳೆಯುವ ಎಲೈಸಾ ಕಿಟ್ ತರಿಸಲು ಗೈಡ್ ಅವರನ್ನು ಕೇಳಿ. ಮೂತ್ರ ಇಟ್ಟಿಲ್ಲವಾದರೂ ಕಿಡ್ನಿ ತುಂಡುಗಳನ್ನು ಮೇಣದಲ್ಲಿ ಕೂರಿಸಿದ ಪ್ಯಾರಾಫಿನ್ ಬ್ಲಾಕ್‌ಗಳಿದ್ದರೆ ಅವುಗಳಿಂದಲೇ ಹೊಸ ಸೆಕ್ಷನ್ ತೆಗೆಸಿ ಕಿಮ್-1ಗೆ ಬಣ್ಣ ಹಾಕಿಸಬಹುದು. ಮತ್ತೆ ಒಂದು ಇಲಿಯನ್ನೂ ಕೊಲ್ಲಬೇಕಿಲ್ಲ.