ಮಳೆಗಾಲದಲ್ಲಿ ಮುಗ್ಗುವ ಭತ್ತ
ಜನವರಿಯಲ್ಲಿ ಒಣಗಿಸಿ ತುಂಬಿಟ್ಟ ಭತ್ತ ಜುಲೈಗೆ ಮುಗ್ಗಲು ವಾಸನೆ ಬರುತ್ತಿದೆ ಅಂದಿರಿ. ಮಡಿಕೇರಿ ಕಡೆಯ ಮಳೆಗೆ ಗೋಣಿಚೀಲ ಸಾಲದು. ಕಾಳು ಗಾಳಿಯ ತೇವವನ್ನು ಮತ್ತೆ ಎಳೆದುಕೊಳ್ಳುತ್ತದೆ. ತುಂಬುವಾಗ ತೇವಾಂಶ ಶೇ. 14ರೊಳಗಿರಬೇಕು. ಮೀಟರ್ ಇಲ್ವಾ? ಒಣಗಿದ ಗಾಜಿನ ಬಾಟಲಿಗೆ ಭತ್ತ, ಸ್ವಲ್ಪ ಒಣ ಪುಡಿಯುಪ್ಪು ಹಾಕಿ ಚೆನ್ನಾಗಿ ಕುಲುಕಿ, ಹತ್ತು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ. 15ಕ್ಕೂ ಜಾಸ್ತಿ ಅಂತ. ಅಂಟದಿದ್ದರೂ ಶೇ. 14ರೊಳಗೆ ಬಂತು ಅಂತಲ್ಲ, ಇನ್ನೊಂದು ಬಿಸಿಲು ಕೊಡಿ. ಕಣದಲ್ಲಿ ಕಾಫಿಗೂ ಅದೇ ಹೊತ್ತಿಗೆ ಜಾಗ ಬೇಕು, ಗೊತ್ತು. ಆದರೂ ಭತ್ತ ದಪ್ಪಗೆ ಹರಡಬೇಡಿ, ಇಬ್ಬನಿ ಬೀಳುವ ಮೊದಲೇ ಟಾರ್ಪಾಲು ಮುಚ್ಚಿ. ಬಿಸಿ ಆರಿದ ಮೇಲೆ ಗಾಳಿಯಾಡದ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಗೋಡೆಗೆ ತಾಗದಂತೆ ಹಲಗೆಯ ಮೇಲಿಡಿ.