ಇಪ್ಪತ್ತು ಬೀಜಕ್ಕೆ ನೂರೈವತ್ತು ರೂಪಾಯಿ!

ಹಾಸನದ ಓದುಗರೊಬ್ಬರ ಪತ್ರ: "ತಾರಸಿ ತೋಟಕ್ಕೆ ಆನ್‌ಲೈನ್‌ನಲ್ಲಿ ನಾಟಿ ಟೊಮೆಟೊ ಬೀಜ ತರಿಸಿದೆ. 20 ಬೀಜಕ್ಕೆ 150 ರೂಪಾಯಿ! ಆ ದುಡ್ಡಿಗೆ ಸಂತೆಯಲ್ಲಿ ಐದಾರು ಕಿಲೋ ಹಣ್ಣೇ ಬರುತ್ತದೆ. ಹೈಬ್ರಿಡ್‌ನಲ್ಲಿ ಕಾಯಿಯೂ ಜಾಸ್ತಿ. ನಾಟಿ ನಾಟಿ ಎನ್ನುವುದು ಸುಮ್ನೆ ಶೋಕಿ ಅಲ್ವಾ?"

ಮುಂದಿನ ವರ್ಷವೂ ಅದೇ ಪ್ಯಾಕೆಟ್ ತರಿಸಿದರೆ ಖಂಡಿತ ಶೋಕಿಯೇ ಸ್ವಾಮಿ.

ಹೈಬ್ರಿಡ್ ಬಗ್ಗೆ ನೀವು ಹೇಳಿದ್ದು ಸುಳ್ಳಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಹೈಬ್ರಿಡ್ ಟೊಮೆಟೊ ಅರ್ಕಾ ರಕ್ಷಕ್ ಮೂರು ರೋಗ ತಡೆಯುತ್ತದೆ. ಸಾಲ ಮಾಡಿ ಎಕರೆಗಟ್ಟಲೆ ಬೆಳೆಯುವ ಕೋಲಾರದ ರೈತ ಅದನ್ನು ಹಾಕಲಿ. ನಿಮ್ಮದು ನಾಲ್ಕು ಕುಂಡದ ತೋಟ. ಹೈಬ್ರಿಡ್ ಹಣ್ಣಿನ ಬೀಜ ಬಿತ್ತಿದರೆ ಗಿಡ ಒಂದೊಂದು ಒಂದೊಂದು ಥರ ಬರುತ್ತದೆ. ಹಾಗಾಗಿ ಪ್ರತಿವರ್ಷ ಅಂಗಡಿಗೇ ಹೋಗಬೇಕು. ನಾಟಿ ಟೊಮೆಟೊ ಹೂವು ಬಹುಪಾಲು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ತಾಯಿಯಂತೆಯೇ ಮಗಳು. ದಪ್ಪನೆಯ ಒಂದು ಹಣ್ಣಿನಲ್ಲೇ ನಿಮ್ಮ ಪ್ಯಾಕೆಟ್‌ಗಿಂತ ಎಷ್ಟೋ ಜಾಸ್ತಿ ಬೀಜ ಇರುತ್ತದೆ.

ತೆಗೆಯುವುದು ಹೀಗೆ. ಎಲೆ ಮುದುಡದ, ಚೆನ್ನಾಗಿ ಕಾಯಿ ಬಿಟ್ಟ ಗಿಡದಲ್ಲಿ ಒಂದು ಹಣ್ಣನ್ನು ಮೆತ್ತಗಾಗುವವರೆಗೆ ಬಿಡಿ. ತಿಂದು ಉಳಿದ ಗೊಡ್ಡು ಹಣ್ಣು ಬೀಜಕ್ಕೆ ಬೇಡ. ರಸದ ಸಮೇತ ಬೀಜವನ್ನು ಲೋಟಕ್ಕೆ ಹಿಂಡಿ, ಚೂರು ನೀರು ಹಾಕಿ, ಎರಡು ಮೂರು ದಿನ ನೆರಳಲ್ಲಿಡಿ. ಮೇಲೆ ಬಿಳಿ ಕೆನೆ ಕಟ್ಟಿ ವಾಸನೆ ಬರುತ್ತದೆ, ಮನೆಯವರು ಬೈಯುತ್ತಾರೆ. ಬೈಯಲಿ. ಬೀಜದ ಸುತ್ತಲಿನ ಲೋಳೆ ಮೊಳಕೆಯನ್ನು ತಡೆಯುತ್ತದೆ, ಅದು ಕರಗಬೇಕು. ಆಮೇಲೆ ಜರಡಿಯಲ್ಲಿ ತೊಳೆದು ಸ್ಟೀಲ್ ತಟ್ಟೆಯಲ್ಲಿ ಒಣಗಿಸಿ. ಪೇಪರ್ ಮೇಲೆ ಹರಡಿದರೆ ಅಂಟಿಕೊಂಡು ಕೀಳಲು ಬರುವುದಿಲ್ಲ. ಒಣಗಿದ ಬೀಜ ತೇವ ತಾಗದ ಡಬ್ಬಿಯಲ್ಲಿ ನಾಲ್ಕು ವರ್ಷ ಇರುತ್ತದೆ.

ಇನ್ನೊಂದು ಮಾತು. ಉಳಿಸುವ ಬೀಜಕ್ಕೆ ದುಬಾರಿ ಪ್ಯಾಕೆಟ್ಟೇ ಬೇಕಿಲ್ಲ. ಅದೇ ಹೆಸರಘಟ್ಟದ ಅರ್ಕಾ ವಿಕಾಸ್ ಹೈಬ್ರಿಡ್ ಅಲ್ಲ, ಅದರ ಬೀಜವನ್ನೂ ಇಟ್ಟುಕೊಳ್ಳಬಹುದು. ಕಪ್ಪು, ಪಟ್ಟೆಪಟ್ಟೆ ಹಣ್ಣಿನ ಫೋಟೊ ನೋಡಿ ದುಡ್ಡು ಸುರಿಯಬೇಡಿ.

ಬೀಜದ ಬೆಲೆ ಅಂದಾಗ ಅಮೆರಿಕದ ರೇಡಿಯೇಟರ್ ರಿಪೇರಿಯವನೊಬ್ಬ ನೆನಪಾಗುತ್ತಾನೆ. ವೆಸ್ಟ್ ವರ್ಜೀನಿಯಾದ ಬೈಲ್ಸ್. ದೊಡ್ಡ ಹಣ್ಣಿನ ತಳಿಗಳನ್ನು ಕೂಡಿಸಿ ತನ್ನದೇ ಟೊಮೆಟೊ ಮಾಡಿಕೊಂಡ. 1940ರ ದಶಕದಲ್ಲಿ ಅದರ ಸಸಿಯನ್ನು ಡಾಲರ್‌ಗೊಂದರಂತೆ ಮಾರಿ ಮನೆ ಸಾಲ ತೀರಿಸಿದನಂತೆ. ತಳಿಯ ಹೆಸರೇ 'ಮಾರ್ಟ್‌ಗೇಜ್ ಲಿಫ್ಟರ್', ಅಂದರೆ ಮನೆ ಸಾಲ ಇಳಿಸುವವ!

ನಮಗೇನು ಕಮ್ಮಿ? ಬೆಳೆದ ಬೀಜವನ್ನು ಉಳಿಸುವ, ಬಿತ್ತುವ, ಹಂಚುವ, ಬ್ರಾಂಡ್ ಹಾಕದೆ ಮಾರುವ ಹಕ್ಕನ್ನು 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ರಕ್ಷಣಾ ಕಾಯ್ದೆ ರೈತರಿಗೆ ಕೊಟ್ಟಿದೆ. ಪೇಟೆಯವರಿಗೆ ಮಾತ್ರ ಇಸಿದುಕೊಳ್ಳುವುದೇ ಮರೆತುಹೋಗಿದೆ. ಹಿಂದೆ ಕಾಂಪೌಂಡ್ ಆಚೆಯಿಂದ "ಒಂದಿಷ್ಟು ಬೀಜ ಕೊಡ್ರೀ" ಎನ್ನುವವರಿದ್ದರು. ಈಗ ಗಿಡದ ಫೋಟೊ ಹಾಕಿದರೆ "ಲಿಂಕ್ ಕಳಿಸಿ" ಅಂತಾರೆ. ಪಕ್ಕದ ಮನೆಯಲ್ಲಿ ಮರವಿದ್ದರೂ ಕರಿಬೇವು ಆ್ಯಪ್‌ನಲ್ಲಿ ಬರುತ್ತದೆ, ಪ್ಲಾಸ್ಟಿಕ್ ಸುತ್ತಿಕೊಂಡು. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ದಾಟಿದಾಗ ಅತ್ತವರೇ ಎಲ್ಲ. ಆಗಲೂ ಕುಂಡ ಹುಡುಕಿದವರು ಎಷ್ಟು ಮಂದಿ?

ಅಂದಹಾಗೆ, ಪ್ಯಾಕೆಟ್ ಮೇಲೆ ಯಾವ ತಳಿ ಅಂತಿತ್ತು, ನೀವು ಬರೆಯಲೇ ಇಲ್ಲ. ಮೂಲೆಯಲ್ಲಿ ಸಣ್ಣದಾಗಿ 'ಎಫ್ 1' ಅಂತ ಇದೆಯಾ ನೋಡಿ. ಇದ್ದರೆ ಅದು ಹೈಬ್ರಿಡ್, ಮಾರಿದವರ ಹತ್ತಿರ 150 ರೂಪಾಯಿ ವಾಪಸ್ ಕೇಳಿ.